ವಿಮಾನದ ಬಯಲಲ್ಲಿ ನಮ್ಮ ಕಣ

ಅದಕ್ಕೇ ಆ ಬಯಲಿನ ಹತ್ರ ಬಂದ್ರೆ ನನ್ನ ಬಾಯಿ ಸುಮ್ನಿರಲ್ಲ ಕಣ್ರೋ. ಬಡವನಹಳ್ಳಿ ಸಂತೆಗೆ ಹೋಗೋವಾಗ ಎಡಗಡೆ ಮುಳ್ಳುತಂತಿ ಹಾಕವ್ರಲ್ಲ, ಅಲ್ಲಿ ನಿಮ್ಮಪ್ಪನ ಮುತ್ತಾತನ ಹೊಲ ಇತ್ತು. ಬ್ರಿಟಿಷರ ಕಾಲದ ದೊಡ್ಡ ಯುದ್ಧದಲ್ಲಿ ಮಿಲಿಟ್ರಿಯೋರು ಬಂದು, "ವಿಮಾನ ಇಳಿಸ್ಬೇಕು, ಯುದ್ಧ ಮುಗಿದ ಮೇಲೆ ನಿನ್ನ ಹೊಲ ನಿಂಗೇ" ಅಂದ್ರಂತೆ. ಯುದ್ಧ ಮುಗೀತು, ವಿಮಾನ ಹೋಯ್ತು, ಬ್ರಿಟಿಷರೂ ಹೋದ್ರು. ಹೊಲ ಮಾತ್ರ ಬರ್ಲಿಲ್ಲ. ಉದ್ದಕ್ಕೆ ಕಾಂಕ್ರೀಟು ಉಳೀತು. ಅದನ್ನೇ ಕಣ ಮಾಡ್ಕೊಂಡು ನಮ್ಮೋರು ವರ್ಷಾ ವರ್ಷಾ ಉಳಿದ ಹೊಲದ ರಾಗಿ ಒಕ್ಕೋರು. "ನಮ್ಮ ನೆಲ ನಾವು ಬುಟ್ಟಿಲ್ಲ ಅನ್ನಾಕೆ ಇದೊಂದೇ ಗುರುತು" ಅನ್ನೋರು ನಿಮ್ಮ ತಾತ.

ನಾನು ಮದುವೆಯಾಗಿ ಬಂದ ವರ್ಷ, ಅಲ್ಲ ಅಲ್ಲ, ಎರಡನೇ ವರ್ಷ, ಮಗಾ ನೀನು ಹೊಟ್ಟೇಲಿದ್ದೆ. ನಿಮ್ಮಪ್ಪ ಹುಲ್ಲು ಹೇರ್ಕೊಂಡು ಊರಿಗೆ ಹೋಗಿದ್ರು. ಸಗಣಿ ಬೆನಕಂಗೆ ಗರಿಕೆ ಸಿಕ್ಕಿಸಿ ಪೂಜೆ ಮಾಡಿ, ತಾತ ರಾಶಿ ಅಳೀತಿದ್ರು. ಅಳೆಯೋವಾಗ ಯಾರೂ ತುಟಿ ಬಿಚ್ಚಂಗಿಲ್ಲ, ರಾಶಿ ಹುಲುಸು ಹೋಗ್ತದೆ ಅಂತ. ಕಣಕ್ಕೆ ಬಂದೋರ್ನ ಬರಿಗೈಲಿ ಕಳಿಸಂಗೂ ಇಲ್ಲ. ಅಷ್ಟೊತ್ತಿಗೆ ಜೀಪು ಬಂತು. ಸರ್ಕಾರದ ಒಬ್ಬ ಆಫೀಸರು ಬೂಟುಗಾಲಲ್ಲೇ ಕಣಕ್ಕೆ ನುಗ್ಗಿದ. "ಏನಮ್ಮ, ರಾಗಿ ಚೆನ್ನಾಗಿ ಬಂದೈತಲ್ಲ!" ನಿಮ್ಮಜ್ಜಿ ಮಾತಾಡ್ದೆ ಒಂದು ಮೊರ ರಾಗಿ ಅವನ ಮುಂದಿಟ್ರು. ಸುರ್ಕೊಂಡ ಚೀಲಕ್ಕೆ. ಆಮೇಲೆ ಕಾಗದ ತೆಗೆದು ನನ್ನ ಕಡೆ ಚಾಚಿದ. "ಓದಿರೋಳು ನೀನೇನಮ್ಮ? ರಾಗಿ ಕೊಟ್ಟಿದ್ದಕ್ಕೆ ಒಂದು ಸೈನು ಹಾಕು." ಓದಿದೆ ಕಣ್ರೋ! ಓದ್ದೇ ಇದ್ದಿದ್ರೆ ಇಷ್ಟು ಹೊಟ್ಟೆ ಉರೀತಿರ್ಲಿಲ್ಲ. 'ಸರ್ಕಾರದ ಜಾಗ ಬಳಸಿದ್ದಕ್ಕೆ ಗುತ್ತಿಗೆಯಾಗಿ ರಾಗಿ ಕೊಟ್ಟಿದ್ದೇವೆ' ಅಂತ ಬರೆದಿತ್ತು. ಬಾಯಿ ತೆಗೆಯೋಣ ಅಂತ ಅತ್ತೆ ಕಡೆ ತಿರುಗಿದ್ರೆ, ತುಟಿ ಮೇಲೆ ಬೆರಳಿಟ್ಟು ಗುರಾಯಿಸಿದ್ರು. ಹೊಸ ಸೊಸೆ, ರಾಶಿ ಕಮ್ಮಿಯಾದ್ರೆ ನನ್ನ ಕಾಲ್ಗುಣ ಅಂತಾರೆ. ಹಾಕ್ಬುಟ್ಟೆ ಸೈನು. ಹತ್ತನೇ ಕ್ಲಾಸು ಪಾಸಾದ ಕೈಯಿ ಇದು, ನೋಡ್ರೋ!

ಆಮೇಲೆ ಹೊಲ ವಾಪಸ್ ಕೊಡಿ ಅಂತ ತಾತ ಅರ್ಜಿ ಹಿಡ್ಕೊಂಡು ಆಫೀಸಿಗೆ ಹೋದ್ರೆ ಅದೇ ಕಾಗದ ಮೇಜಿನ ಮೇಲೆ ಎಸೆದ್ರು. "ನಿಮ್ಮ ಸೊಸೇನೇ ಬರ್ಕೊಟ್ಟವಳಲ್ರೀ, ಜಾಗ ಸರ್ಕಾರದ್ದು ಅಂತ." ತಾತ ಮನೆಗೆ ಬಂದ್ರು. ಕಣದ ಮೊರ ಎತ್ತಿ ಅಟ್ಟದ ಮೇಲೆ ಹಾಕಿದ್ರು, ಅಷ್ಟೆ. ಮುಂದಿನ ಸುಗ್ಗಿಗೆ ತಂತಿ ಬಿತ್ತು. ಆಗ ನಿಮ್ಮಜ್ಜಿ, "ಓದಿದೋಳು ಅವತ್ತೇ ಬಾಯಿ ಬಿಡಾಕೇನಾಗಿತ್ತೇ?" ಅಂದ್ರು. "ಗುರಾಯಿಸಿದೋರು ಯಾರತ್ತೇ?" ಅಂದೆ. ಅವತ್ತಿಂದ ನಾನು ಊರಿಗೆಲ್ಲ ಬಾಯಿಬಡುಕಿ. ಆಗ್ಲಿ ಬುಡು. ರಾಗಿ ಕಮ್ಮಿಯಾದ್ರೆ ಮುಂದಿನ ವರ್ಷ ಬೆಳೀಬೌದು. ಯಾರಾದ್ರೂ ಸೈನು ಹಾಕು ಅಂತ ಕಾಗದ ಚಾಚಿದ್ರೆ ಮಾತ್ರ ದೇವ್ರ ಮುಂದೆ ಕೂತಿದ್ರೂ ಕೂಗಾಡ್ರಿ. ಏಳಿ, ಮುದ್ದೆ ಆರ್ತೈತೆ.