ಹೊಳೆಗೆ ಹಾಕದ ಸೀಸ

ಸದಲಗಾದ ನಮ್ಮ ತೋಟದ ಮನೆಯಲ್ಲಿ ಅಂದು ಸಂಜೆಯೇ ಕರೆಂಟು ಹೋಗಿತ್ತು. ಮಳೆ ಬಿಟ್ಟಿರಲಿಲ್ಲ. ಕಬ್ಬಿಗೆ ಹಂದಿ ಬಿದ್ದಿವೆ ಅಂತ ನಮ್ಮ ಮನೆಯವರು, ಅಮೋಲ, ಹಳೇ ಲೈಸನ್ಸ್ ಬಂದೂಕಿಗೆ ಗುಂಡು ಎರೆಯುತ್ತ ಒಲೆಯ ಮುಂದೆ ಕೂತಿದ್ದರು. ಕರಗಿದ ಸೀಸವನ್ನು ಅಚ್ಚಿಗೆ ಸುರಿದು, ಗಟ್ಟಿಯಾದ ಗುಂಡನ್ನು ತಾಟಿಗೆ ಉದುರಿಸುತ್ತಿದ್ದರು. ನಾನೂ ಅತ್ತೆ ತುಳಸವ್ವನೂ ಬೆಂಕಿಗೆ ಹತ್ತಿರ ಸರಿದು ಕೂತಿದ್ದೆವು. ಆ ಸಪ್ಪಳಕ್ಕೆ ಒಳಗಿನಿಂದ ಅಮೋಲರ ಅಜ್ಜ ದುರಗಪ್ಪ ಮುತ್ಯಾ ಎದ್ದು ಬಂದರು.

"ಬ್ಯಾಡಂದ್ರ ಕೇಳೂದಿಲ್ಲ ಈ ಮಗಾ. ಇರ್ಲಿ, ಎರಕೋತ ಕೇಳು... ಸೋನಾಲಿ, ನೀನೂ ಕೇಳವ್ವಾ. ನಮ್ಮಣ್ಣ ಲಖನ ಇದ್ನಲ್ಲಾ, ಆಗ ಈ ಬಂದೂಕ ಅವನ ಕೈಯಾಗ ಇತ್ತು. ಇಂಥಾದ ಮಳಿ. ಕಬ್ಬ ಅಲಗ್ಯಾಡಿತು, ಹಂದಿ ಅಂತ ಹೊಡದಾ... ಹಂದಿ ಎಲ್ಲೀದು? ನಮ್ಮ ಆಳ ಸಂಭಾಜಿ, ಮೇವು ಕೊಯ್ಯಾಕ ಹೋದಾವಾ. ಅಲ್ಲೇ ಸತ್ತ. ಗುಂಡ ಅವನ ಮೈ ಹಾಯ್ದ ಬದುವಿನ ಮಣ್ಣಾಗ ಕೂತಿತ್ತು.

ಹಂದಿಗೆ ಹೊಡದ ಗುಂಡ ಅಗದ ತಗದ ಮತ್ತ ಎರೀತೀವಿ, ಸೀಸ ಯಾರ ಚೆಲ್ಲತಾರ? ಆದ್ರ ಮನಷ್ಯಾನ ರಕ್ತ ಕಂಡ ಸೀಸ ಒಲಿ ಕಾಣಬಾರದು, ಸೀದಾ ಹೊಳಿಗೆ ಹಾಕಬೇಕು. ಹಿರ್ಯಾರ ಪದ್ಧತಿ ಅದು. ನಾ ಏನ ಮಾಡಿದೆ? ದೂಧಗಂಗಾ ಹೊಳಿತನಕ ಹೋಗಾಕ ಬ್ಯಾಸರಾಗಿ ಆ ಗುಂಡ ಮನ್ಯಾಗಿನ ಸೀಸದಾಗ ಒಗದೆ. ಅಣ್ಣಗ ಹೇಳಲಿಲ್ಲ. ಮುಂದಿನ ಮಳಿಗಾಲಕ್ಕ ಅವಾ ಅದನ್ನ ಎರದಾ.

ಗುಂಡ ತಾಟಿನ್ಯಾಗ ಆರೂ ಹೊತ್ತಿಗೆ ಕಬ್ಬಿನ್ಯಾಗಿಂದ ದನಿ ಬಂತು... 'ಲಖನಣ್ಣಾ, ನನ್ನ ಎತ್ತರಿ.' ಸಂಭಾಜಿ ದನಿ! ವರ್ಷದಿಂದ ನಿದ್ದಿ ಕಾಣದ ನಮ್ಮಣ್ಣ, 'ಅವಾ ಸತ್ತಿಲ್ಲೋ ದುರಗ್ಯಾ,' ಅಂದಾವನ ಬರಿಗಾಲಲೇ ಓಡಿದಾ. ನಾ ಹಿಡೀಲಿಲ್ಲ. ಅಂಜಿ ಕಂಬ ಹಿಡಕೊಂಡ ನಿಂತೆ... ಮುಂಜಾನಿ ಸಿಕ್ಕಾ, ಸಂಭಾಜಿ ಬಿದ್ದ ಜಾಗಾದಾಗ. ಮೈಮ್ಯಾಲ ಒಂದ ಗಾಯ ಇಲ್ಲ. ಎರಡೂ ಕೈ ಮುಂದ ಚಾಚಿದ್ದುವು, ಯಾರನ್ನೋ ಎತ್ತಾಕ ಹೋದಂಗ. ತಪ್ಪ ನಂದು, ಹೋದಾವ ಅವಾ.

ಆ ಗುಂಡ ಡಬ್ಬಿಗೆ ಹಾಕಿ ಈ ಮಾಡದಾಗ ಇಟ್ಟೆ. ನಾಳೆ ಹೊಳಿಗೆ ಹಾಕಿದರಾತು, ನಾಳೆ ಹಾಕಿದರಾತು... ಮುಟ್ಟಾಕ ಧೈರ್ಯ ಆಗಲಿಲ್ಲವ್ವಾ."

ಮುತ್ಯಾ ಗೋಡೆಯ ಮಾಡದ ಗೂಡಿನ ಕಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಡಬ್ಬಿ ಒಲೆಯ ಪಕ್ಕ ಖಾಲಿ ಬಿದ್ದಿತ್ತು.

ಅಮೋಲ ಅಚ್ಚು ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. "ಯಾರೋ ಕರ್ಯಾಕತ್ತಾರ," ಎಂದು ಎದ್ದರು. ನಾನು ಅವರ ಅಂಗಿ ಹಿಡಿದುಕೊಂಡೆ.

"ಬಿಡಬ್ಯಾಡ ಸೋನಾಲಿ, ಬಿಗಿ ಹಿಡಿ," ಎಂದರು ಮುತ್ಯಾ. "ಈ ಸಲ ಕರಿಯಾಂವ ಸಂಭಾಜಿ ಅಲ್ಲ... ನಮ್ಮಣ್ಣನ ದನಿ ನನಗ ಗೊತ್ತಾಗೂದಿಲ್ಲೇನು?"