ನಾಲ್ಕು ಬ್ಲೋವರ್ ಓಡುತ್ತಿದ್ದ ದಿನ

ಕೆಲಸದ ಜಾಗದಲ್ಲಿ ಎಲ್ಲರೂ ಗಾಳಿಯಣ್ಣ ಎಂದು ಕರೆಯುವ ನಾನು, ವಯಸ್ಸು 51 ವರ್ಷ, ಉದ್ಯೋಗ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಪಾಳಿ ಆಪರೇಟರ್, ವಾಸ ಘಟಕದ ಹಿಂಬದಿಯ ನೌಕರರ ವಸತಿ, ಎರಡನೇ ಸಾಲು, ಮನೆ ನಂಬರ್ 9, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ಪೊಲೀಸ್ ಠಾಣೆಯಲ್ಲಿ ತಮ್ಮ ಮುಂದೆ ಬರೆಸುವುದೇನೆಂದರೆ:

ನಾನು ಈ ಘಟಕದಲ್ಲಿ 22 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಊರಿನ ಚರಂಡಿ ನೀರನ್ನು ಇಲ್ಲಿ ಸೋಸಿ ಐದು ಮೀಟರ್ ಆಳದ ತೊಟ್ಟಿಗೆ ಬಿಡುತ್ತೇವೆ. ತೊಟ್ಟಿಯ ತಳದಿಂದ ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು. ಗಾಳಿ ಸಿಕ್ಕರೆ ಮಾತ್ರ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಬದುಕುತ್ತವೆ, ನೀರು ಶುದ್ಧವಾಗುತ್ತದೆ. ಗಾಳಿ ಊದುವ ಯಂತ್ರಕ್ಕೆ ಬ್ಲೋವರ್ ಎನ್ನುತ್ತೇವೆ. ಒಟ್ಟು ನಾಲ್ಕು ಇವೆ. ಅವುಗಳ ಜವಾಬ್ದಾರಿ ನನ್ನದು.

ಮೃತನು ನನ್ನ ಹೆಂಡತಿಯ ತಮ್ಮ, ವಯಸ್ಸು 33 ವರ್ಷ, ಅದೇ ಘಟಕದಲ್ಲಿ ತೋಟದ ಕೆಲಸ ಮಾಡುತ್ತಿದ್ದನು. ಅವನು ಏಳು ವರ್ಷದವನಿದ್ದಾಗಿನಿಂದ ನಮ್ಮ ಮನೆಯಲ್ಲೇ ಬೆಳೆದವನು. ನಮಗೆ ಮಕ್ಕಳಿಲ್ಲ. ಅವನಿಗೆ ಚೆನ್ನಾಗಿ ಈಜು ಬರುತ್ತಿತ್ತು. ಎರಡು ವರ್ಷದ ಹಿಂದೆ ತೋಟದ ಪೈಪು ಇದೇ ತೊಟ್ಟಿಗೆ ಬಿದ್ದಾಗ ಯಾರಿಗೂ ಹೇಳದೆ ಇಳಿದು ತೆಗೆದುಕೊಂಡು ಬಂದಿದ್ದನು. ಅಂದು ಅವನ ಅಕ್ಕ ಮೂರು ಸಲ ಸೋಪು ಹಾಕಿ ಸ್ನಾನ ಮಾಡಿಸಿದಳು. ಗಾಳಿ ತುಂಬಿದ ನೀರು ಮನುಷ್ಯನನ್ನು ಹೊರುವುದಿಲ್ಲ, ಇನ್ನೊಮ್ಮೆ ಇಳಿದರೆ ಕಾಲು ಮುರಿಯುತ್ತೇನೆ ಎಂದು ನಾನು ಬೈದಿದ್ದೆನು. ಹೊತ್ತಿತಲ್ಲ ಎಂದು ಅವನು ನಕ್ಕಿದ್ದನು. ಅಂದು ಓಡುತ್ತಿದ್ದದ್ದು ಎರಡು ಬ್ಲೋವರ್ ಮಾತ್ರ.

ಕರೆಂಟು ಉಳಿಸಬೇಕೆಂದು ವ್ಯವಸ್ಥಾಪಕರು ಹೇಳಿದ್ದರಿಂದ ಮೂರು ವರ್ಷಗಳಿಂದ ದಿನವೂ ಎರಡೇ ಓಡುತ್ತಿವೆ. ಪಾಳಿ ಪುಸ್ತಕದಲ್ಲಿ ಮಾತ್ರ ದಿನವೂ ನಾಲ್ಕು ಎಂದು ಬರೆಯುತ್ತಿದ್ದೆವು. ನನ್ನ ಪಾಳಿಯಲ್ಲಿ ಹಾಗೆ ಬರೆದ ಅಕ್ಷರ ನನ್ನದೇ.

ಶುದ್ಧ ಮಾಡಿದ ನೀರನ್ನು ಕೆರೆಗೂ, ಮನೆಗಳ ಶೌಚಾಲಯಗಳಿಗೂ ಪೈಪಿನಲ್ಲಿ ಮರಳಿ ಕೊಡುವ ಯೋಜನೆ ಬಂದಿದೆ. ಅದಕ್ಕೆ ಮೊದಲು ಪರಿಸರದ ಮೇಲಾಗುವ ಪರಿಣಾಮವನ್ನು ಪರಿಶೀಲಿಸಿ ವರದಿ ಕೊಡಲು ಒಬ್ಬ ಮಹಿಳಾ ಅಧಿಕಾರಿಯನ್ನು ಕಳಿಸಿದ್ದರು. ಅವರ ಜೊತೆ ಒಬ್ಬ ಫೋಟೋಗ್ರಾಫರ್ ಇದ್ದರು. ಅವರು 16ನೇ ತಾರೀಕು ಸೋಮವಾರ ಬರುವುದಿತ್ತು.

ಆ ದಿನ ಬೆಳಿಗ್ಗೆ 9.10ಕ್ಕೆ ವ್ಯವಸ್ಥಾಪಕರು ಪ್ಯಾನೆಲ್ ರೂಮಿಗೆ ಬಂದು, ಇವತ್ತು ವಾಸನೆ ಬರಬಾರದು, ಮೀಟರಿನಲ್ಲಿ ಆಮ್ಲಜನಕ ಎರಡರ ಮೇಲೆ ತೋರಿಸಬೇಕು, ನಾಲ್ಕನ್ನೂ ಹಾಕಿ ಎಂದು ಹೇಳಿದರು. ನಾನು ಹಾಕಿದೆನು. ನಾಲ್ಕು ಗುಂಡಿಗಳನ್ನೂ ಒತ್ತಿದ್ದು ನನ್ನ ಕೈ. ಅರ್ಧ ಗಂಟೆಯೊಳಗೆ ತೊಟ್ಟಿ ಉಕ್ಕುವ ಹಾಲಿನ ಪಾತ್ರೆಯಂತಾಯಿತು.

ಹತ್ತು ಗಂಟೆಗೆ ಬಾಮೈದ ಟೀ ತಂದನು. "ಏನ್ ಭಾವ, ಇವತ್ತು ಸದ್ದು ಭಾರಿ ಜೋರು?" ಎಂದು ಕೇಳಿದನು. "ನೆಂಟರು ಬರ್ತಾರಲ್ಲಪ್ಪ, ಮೈ ತೊಳ್ಕೊಂಡು ಪೌಡರ್ ಹಚ್ಕೋತಿದೀವಿ" ಎಂದೆನು. ಅವನು ನಗುತ್ತಾ ಲೋಟ ತೆಗೆದುಕೊಂಡು ಹೋದನು. ನಾಲ್ಕು ಓಡುತ್ತಿವೆ, ಇವತ್ತಿನ ನೀರು ಬೇರೆ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ನಾವಿಬ್ಬರೂ ಮಾತಾಡಿದ್ದು ಅದೇ ಕೊನೆಯಲ್ಲ, ಮುಂದೆ ಇನ್ನೊಂದು ಮಾತಿದೆ.

11.05ಕ್ಕೆ ಅಧಿಕಾರಿ, ಫೋಟೋಗ್ರಾಫರ್, ವ್ಯವಸ್ಥಾಪಕರು ಮತ್ತು ನಾನು ತೊಟ್ಟಿಯ ಮೇಲಿನ ನಡೆದಾರಿ ಹತ್ತಿದೆವು. ಅದರ ಅಗಲ 90 ಸೆಂಟಿಮೀಟರ್. ಎರಡೂ ಬದಿ ಕಂಬಿ ಇದೆ. ಪಂಪು ಎತ್ತಲು ಒಂದು ಕಡೆ ಒಂದೂಕಾಲು ಮೀಟರ್ ಕಂಬಿ ಬಿಟ್ಟು ಸರಪಳಿ ಹಾಕಿದ್ದಾರೆ. ಸರಪಳಿ ಜೋತು ಮೊಣಕಾಲಿನ ಮಟ್ಟಕ್ಕೆ ಬಂದಿತ್ತು. ಅಧಿಕಾರಿ ಮೀಟರ್ ನೋಡಿ 2.6 ಎಂದು ಬರೆದುಕೊಂಡರು. ದಿನವೂ ಇಷ್ಟೇ ಗಾಳಿ ಬಿಡುತ್ತೀರಾ ಎಂದು ನನ್ನನ್ನೇ ಕೇಳಿದರು. ವ್ಯವಸ್ಥಾಪಕರು ಹೌದು ಎಂದರು. ಅಧಿಕಾರಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆನು.

11.22ಕ್ಕೆ ಫೋಟೋಗ್ರಾಫರ್ ಅಧಿಕಾರಿಯನ್ನೂ ವ್ಯವಸ್ಥಾಪಕರನ್ನೂ ಮೀಟರಿನ ಪಕ್ಕ ನಿಲ್ಲಿಸಿ, ಇಬ್ಬರೂ ಚಿತ್ರದಲ್ಲಿ ಬರಲೆಂದು ಒಂದೊಂದೇ ಹೆಜ್ಜೆ ಓರೆಯಾಗಿ ಹಿಂದಕ್ಕೆ ಇಟ್ಟರು. ಸರಪಳಿ ಅವರ ಮೊಣಕಾಲಿನ ಹಿಂಭಾಗಕ್ಕೆ ತಗುಲಿತು. ಅವರು ಬೆನ್ನು ಕೆಳಗಾಗಿ ಬಿದ್ದರು. ಬಿದ್ದವರು ತೇಲಲಿಲ್ಲ. ಕಲ್ಲು ಇಳಿದಂತೆ ಇಳಿದುಹೋದರು.

ತೊಟ್ಟಿಯ ಅಂಚಿನಲ್ಲಿ ಬ್ಲೋವರ್ ನಿಲ್ಲಿಸುವ ತುರ್ತು ಗುಂಡಿ ಇದೆ. ಆರು ತಿಂಗಳಿಂದ ಅದರ ವೈರು ಬಿಚ್ಚಿಟ್ಟಿದ್ದಾರೆ. ಆದ್ದರಿಂದ ನಾನು ಪ್ಯಾನೆಲ್ ರೂಮಿನ ಕಡೆ ಓಡಿದೆನು. ನಿನ್ನೆ ತಾವು ಟೇಪು ಹಿಡಿದು ಅಳೆಸಿದಾಗ ಆ ದೂರ 74 ಮೀಟರ್ ಬಂದಿದೆ. ನಾನು ಹೆದರಿ ಓಡಿಹೋದೆನೆಂದು ಅಧಿಕಾರಿ ಮೊದಲು ತಿಳಿಸಿದ್ದರು ಎಂದು ಕೇಳಿದ್ದೇನೆ. ಅವರಿಗೆ ಹಾಗೆ ಕಂಡದ್ದರಲ್ಲಿ ತಪ್ಪಿಲ್ಲ. ನೀರಿಗೆ ಬೆನ್ನು ಮಾಡಿ ಓಡಿದ್ದು ನಿಜ. ಗಾಳಿ ನಿಲ್ಲಿಸದೆ ಯಾರು ಇಳಿದರೂ ಮೇಲೆ ಬರುವುದು ಕಷ್ಟ.

ಸುಮಾರು 30 ಮೀಟರ್ ಹೋದಾಗ ಬಾಮೈದ ನೀರಿನ ಪೈಪು ಬಿಸಾಕಿ ಎದುರಿನಿಂದ ಓಡಿಬರುತ್ತಿದ್ದನು. ನಾನು ನಿಲ್ಲದೆ, "ಹಾರಬೇಡ ಕಣೋ, ಗಾಳಿ ನಿಲ್ಲಿಸ್ತೀನಿ, ತಡಿ!" ಎಂದು ಕೂಗಿದೆನು. ಅವನೂ ನಿಲ್ಲದೆ, "ನೀವು ನಿಲ್ಸಿ ಭಾವ, ಅಷ್ಟರಲ್ಲಿ ನಾನು ಹಿಡ್ಕೊಂಡಿರ್ತೀನಿ" ಎಂದನು. ನಾವು ಒಬ್ಬರನ್ನೊಬ್ಬರು ದಾಟುವಾಗ ನಡುವೆ ಎರಡು ಮಾರು ಅಂತರವಿತ್ತು. ಕೈ ಚಾಚಿ ಅಂಗಿ ಹಿಡಿಯಬಹುದಿತ್ತೇ ಎಂದು ತಾವು ಕೇಳಿದಿರಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಹಿಡಿಯಬಹುದಿತ್ತು.

ನಾಲ್ಕೂ ಬ್ಲೋವರ್‌ಗಳಿಗೆ ಬೇರೆ ಬೇರೆ ಗುಂಡಿ. ಒತ್ತಲು ನನಗೆ ಹತ್ತು ಸೆಕೆಂಡ್ ಹಿಡಿಯಿತು. ನಿಲ್ಲಿಸಿದ ಮೇಲೂ ಗುಳ್ಳೆ ಅಡಗಲು ಅರ್ಧ ನಿಮಿಷ ಬೇಕು. ನಾನು ಮರಳಿ ಬಂದಾಗ 11.24. ಫೋಟೋಗ್ರಾಫರ್ ಮೇಲೆ ಬಂದಿದ್ದರು. ಅಧಿಕಾರಿ ಎಸೆದ ತೇಲು ಬಳೆಯನ್ನು ತಬ್ಬಿಕೊಂಡು ಕೆಮ್ಮುತ್ತಿದ್ದರು. ಕೆಳಗಿನಿಂದ ಯಾರೋ ತಮ್ಮ ಪಾದಗಳನ್ನು ಹೆಗಲ ಮೇಲೆ ಇಟ್ಟುಕೊಂಡು ಎತ್ತಿ ತಳ್ಳಿದರೆಂದು ಅವರು ನಂತರ ತಿಳಿಸಿದ್ದಾರೆ. ನೀರು ಮಟ್ಟಸವಾಗಿ ನಿಂತಿತು. ಇಷ್ಟು ವರ್ಷದಲ್ಲಿ ಆ ತೊಟ್ಟಿ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿರಲಿಲ್ಲ. ಬಾಮೈದ ಮೇಲೆ ಬರಲಿಲ್ಲ.

ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆನು. ಹಗ್ಗದ ಇನ್ನೊಂದು ತುದಿಯನ್ನು ವ್ಯವಸ್ಥಾಪಕರೇ ಹಿಡಿದಿದ್ದರು. ಅವರು ಹಿಡಿದದ್ದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಕಂದು ನೀರಿನಲ್ಲಿ ಏನೂ ಕಾಣುವುದಿಲ್ಲ, ಕೈಯಾಡಿಸಿಯೇ ಹುಡುಕಬೇಕು. ಎರಡು ಸಲ ಬರಿಗೈಯಲ್ಲಿ ಬಂದೆನು. ಮೂರನೇ ಸಲ, 11.31ಕ್ಕೆ, ತಳದ ಗಾಳಿ ಪೈಪಿನ ಪಕ್ಕದಲ್ಲಿ ಅವನ ತಲೆಗೂದಲು ನನ್ನ ಕೈಗೆ ಸಿಕ್ಕಿತು. ಆಸ್ಪತ್ರೆಯಲ್ಲಿ 12.10ಕ್ಕೆ ಪ್ರಾಣ ಹೋಗಿದೆ ಎಂದು ವೈದ್ಯರು ತಿಳಿಸಿದರು.

12.40ಕ್ಕೆ ನನ್ನ ಹೆಂಡತಿ ಆಸ್ಪತ್ರೆಗೆ ಬಂದಳು. ಅಡಿಗೆಮನೆಯಿಂದ ಎದ್ದು ಬಂದವಳ ಕಾಲಿನಲ್ಲಿ ಎರಡು ಬೇರೆ ಬೇರೆ ಜೊತೆಯ ಚಪ್ಪಲಿ ಇದ್ದವು. ಅಳಲಿಲ್ಲ. "ಅವನು ಹಾರುವಾಗ ನೀವೆಲ್ಲಿದ್ರಿ?" ಎಂದು ಕೇಳಿದಳು. ಗಾಳಿ ನಿಲ್ಲಿಸಲು ಹೋಗಿದ್ದೆನೆಂದು ಹೇಳಿದೆನು. ಸರಿ ಎಂದಳು. ಗಾಳಿ ಹಾಕಿದವರು ಯಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

17ನೇ ತಾರೀಕು ಸಂಜೆ 5 ಗಂಟೆಗೆ ವ್ಯವಸ್ಥಾಪಕರು ನಮ್ಮ ಮನೆಗೆ ಬಂದರು. ಹೆಂಡತಿ ಒಳಗೆ ಮಲಗಿದ್ದಳು. ಅವರು ದನಿ ತಗ್ಗಿಸಿ, ದಿನವೂ ನಾಲ್ಕೇ ಓಡುತ್ತವೆ, ಪುಸ್ತಕದಲ್ಲೂ ಹಾಗೇ ಇದೆ, ಅಷ್ಟೇ ಹೇಳಿದರೆ ಇದು ಆಕಸ್ಮಿಕವಾಗಿ ಮುಗಿಯುತ್ತದೆ, ಇಲ್ಲದಿದ್ದರೆ ನಿಮ್ಮ ಬೆರಳೇ ಮೊದಲು ಸಿಕ್ಕಿಬೀಳುತ್ತದೆ ಎಂದರು. "ಹೋದೋನು ತಿರುಗಿ ಬರ್ತಾನಾ, ಗಾಳಿಯಣ್ಣ?" ಎಂದೂ ಕೇಳಿದರು. ಯೋಚಿಸುತ್ತೇನೆ ಎಂದೆನು. ಅವರು ಹೇಳಿದ್ದರಲ್ಲಿ ಬೆರಳಿನ ಮಾತು ನಿಜವೇ.

ಯೋಚಿಸಿದೆನು. ನಾಲ್ಕು ಓಡುವುದು ಮಾಮೂಲಾಗಿದ್ದರೆ ಅಂಥ ನೀರನ್ನು ನನ್ನ ಬಾಮೈದ ದಿನವೂ ನೋಡುತ್ತಿದ್ದನು. ಗೊತ್ತಿದ್ದೂ ಹಾರಿದನೆಂದಾಗುತ್ತದೆ. ಅವನು ಕಂಡಿದ್ದದ್ದು, ಇಳಿದು ಹತ್ತಿ ಬಂದಿದ್ದದ್ದು ಎರಡು ಬ್ಲೋವರಿನ ತೊಟ್ಟಿ. ಹಾರಿದ್ದು ನಾವು ನೆಂಟರಿಗೆಂದು ಸಿದ್ಧ ಮಾಡಿದ್ದ ತೊಟ್ಟಿಗೆ. ಎರಡೇ ಓಡುತ್ತಿದ್ದರೆ ಅವನು ಬದುಕುತ್ತಿದ್ದನೆಂದು ನಾನು ಖಚಿತವಾಗಿ ಹೇಳಲಾರೆನು. ಅದನ್ನು ತಿಳಿದವರು ಹೇಳಬೇಕು. ಪುಸ್ತಕದ ಲೆಕ್ಕ ಸುಳ್ಳು, 2.6 ಎಂಬ ಅಂಕಿ ಆ ಒಂದು ದಿನದ್ದು ಎಂದು ಮಾತ್ರ ಹೇಳಬಲ್ಲೆನು. ಇದರ ಒಂದು ಪ್ರತಿಯನ್ನು ವರದಿ ಬರೆಯುವ ಅಧಿಕಾರಿಗೆ ಕಳಿಸಬೇಕೆಂದು ಕೋರುತ್ತೇನೆ. ಆ ನೀರು ಹೋಗುವುದು ಜನರ ಮನೆಗೆ.

ಇದನ್ನೆಲ್ಲ ಮನೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಆದ್ದರಿಂದ ನನ್ನ ಕೋರಿಕೆಯಂತೆ, ಬರೆದದ್ದನ್ನು ಓದಿ ಹೇಳುವಾಗ ಹೊರಗಿನ ಬೆಂಚಿನ ಮೇಲಿದ್ದ ನನ್ನ ಹೆಂಡತಿಯನ್ನು ಒಳಗೆ ಕರೆದು ಕೂರಿಸಲಾಯಿತು. ಅವಳು ಪೂರ್ತಿ ಕೇಳಿದಳು. 9.10ರ ಭಾಗವನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ಎದ್ದು ಹೊರಗೆ ಹೋದಳು. ಬೆಳಿಗ್ಗೆ ನಾವಿಬ್ಬರೂ ಒಂದೇ ಬೈಕಿನಲ್ಲಿ ಬಂದಿದ್ದೆವು. ಕಿಟಕಿಯಿಂದ ನೋಡಿದರೆ ಅವಳು ಬೈಕಿನ ಪಕ್ಕದಲ್ಲಿ ನಿಂತಿದ್ದಾಳೆ. ಕಾಯುತ್ತಿದ್ದಾಳೋ, ಹೊರಟಿದ್ದಾಳೋ ನನಗೆ ತಿಳಿಯದು.

ಮೇಲೆ ಬರೆಸಿದ್ದೆಲ್ಲವೂ ನಾನು ಕಂಡದ್ದು, ಮಾಡಿದ್ದು ಮತ್ತು ಮಾಡದೆ ಬಿಟ್ಟದ್ದು. ಓದಿಸಿ ಕೇಳಿದ್ದೇನೆ, ಸರಿಯಾಗಿದೆ. ಇದರಲ್ಲಿ ಯಾವ ಮಾತನ್ನೂ ಹೊಡೆದುಹಾಕುವುದು ಬೇಡ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೋಣೆ
ದಿನಾಂಕ: 19, ಗುರುವಾರ, ಮಧ್ಯಾಹ್ನ 1.35
ಹೇಳಿಕೆ ಕೊಟ್ಟವನ ಸಹಿ: (ಸಹಿ ಮಾಡಿದೆ)