ಎಡಗೈ ಚಾಚಿದ ಅಜ್ಜನ ಫೋಟೋ

ಕೂತಿರಿ, ಕೂತಿರಿ. ನಮಸ್ಕಾರ ಆಮೇಲೆ, ಮೊದಲು ಬೈಗುಳ ತಿನ್ನಿ. ಎಲಿಕೆಮ್‌ನನ್ನು ಮಣ್ಣು ಮಾಡಿ ಇನ್ನೂ ವಾರವಾಗಿಲ್ಲ. ಈ ಬಾಗಿಲಲ್ಲಿ ನನ್ನ ಕೈ ಹಿಡಿದು, "ಅಯ್ಯೋ ಅಜ್ಜಿ, ಎಂಥಾ ಮನುಷ್ಯ ಹೋಗ್ಬಿಟ್ಟ" ಎಂದವರೇ ಮರುಗಳಿಗೆ ಕಿವಿಯಲ್ಲಿ, "ನಮ್ಮನೆ ಫೋಟೋ ಪೆಟ್ಟಿಗೆ ಯಾವಾಗ ವಾಪಸ್ ಕೊಡ್ತೀರಿ?" ಎಂದಿರಿ. ಒಬ್ಬರಲ್ಲ, ಸಾಲುಗಟ್ಟಿ! ನಾಚಿಕೆಯಾಗಬೇಕು.

ಈಗ ನಮಸ್ಕಾರ. ನಮ್ಮ ಕೆಟಾ ಊರಿನ ಹಿರಿಯರಿಗೆ, ಅವನ ಹೆಂಡತಿ ಜಿಗ್ಬೋದಿಗೆ, ಮಕ್ಕಳಿಗೆ — ನನ್ನ ಗೌರವದ ವಂದನೆ.

ನಾನು ಅಕ್ಷರ ಕೂಡಿಸಿ ಓದುವವಳು. ದಾಖಲೆ ಕೋಣೆಯಲ್ಲಿ ಎಲಿಕೆಮ್ ಹಳೆಯ ಫೋಟೋ, ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು, ಈ ಮುಖ ಯಾರ ಮನೆಯದು ಎಂದು ಹೇಳುತ್ತಿದ್ದೆ. ಸಮುದ್ರ ನುಂಗಿದ ನಮ್ಮ ಬೀದಿಗಳು ಈಗ ಆ ಕೋಣೆಯಲ್ಲಿ ಮಾತ್ರ ಇವೆ — ಆ ಕೋಣೆಯಲ್ಲಿ ಮಾತ್ರ.

ಕೊಜೊವಿ, ನಗಬೇಡ, ನಿನ್ನ ಕಥೆಯೇ ಹೇಳುತ್ತೇನೆ. ಇವನಜ್ಜನ ಹಳೆಯ ಫೋಟೋವನ್ನು ಎಲಿಕೆಮ್ ಊರವರ ಫೋನಿಗೆ ಕಳಿಸಿದ ದಿನ ಇವನು ಬಾಗಿಲು ಒದ್ದುಕೊಂಡು ಬಂದ. "ಲೋ ಎಲಿಕೆಮ್! ನಮ್ಮಜ್ಜ ದೊರೆಗೆ ಎಡಗೈ ಕೊಡ್ತಾನೇನೋ? ಎಡ ಹೆಗಲಿಗೆ ಹೊದೆಯೋ ಬಟ್ಟೆ ನೋಡು, ಬಲ ಹೆಗಲ ಮೇಲೆ! ಹೆಂಗಸರೆಲ್ಲ ಫೋನಲ್ಲಿ ನೋಡಿ ನಗ್ತಿದಾರೆ. ಸತ್ತೋರ ಮಾನ ಕಳೀತೀಯಾ?"

ಎಲಿಕೆಮ್ ನೋಡಿದ — ಇನ್ನೊಮ್ಮೆ ನೋಡಿದ — ಹೊಟ್ಟೆ ಹಿಡಿದು ನಕ್ಕ. "ದೊಡ್ಡಪ್ಪ, ಅಜ್ಜ ಸರಿಯಾಗೇ ಇದಾರೆ. ಇದು ಗಾಜಿನ ಹಲಗೆ ಮೇಲೆ ತೆಗೆದ ಹಳೇ ಫೋಟೋ, ನಾನೇ ಮಗುಚಿ ಇಟ್ಟಿದೀನಿ!"

ಗಾಜು ತಿರುಗಿಸಿದ. ಬಟ್ಟೆ ಎಡ ಹೆಗಲಿಗೆ ಬಂತು, ಬಲಗೈ ಮುಂದೆ ಬಂತು. ಅಜ್ಜನ ಬೆನ್ನ ಹಿಂದಿನ ಪ್ರಾರ್ಥನಾ ಮಂದಿರವೂ ಬೀದಿಯ ಬಲದಿಂದ ಎಡಕ್ಕೆ ಬಂತು! ಹಳೆಯ ನಕ್ಷೆಯಲ್ಲಿ ಅದು ಎಡಕ್ಕೇ ಇತ್ತು. ಫೋಟೋಗೆ ತಾಳೆಯಾಗಲಿಲ್ಲವೆಂದು, ನಕ್ಷೆ ಬರೆದವನೇ ದಡ್ಡ ಎಂದು ನಾವು ಅದನ್ನು ಮೂಲೆಗೆ ತಳ್ಳಿದ್ದೆವು.

"ಹಂಗಾದ್ರೆ ನಮ್ಮನೆ?" ಎಂದ ಕೊಜೊವಿ. ದನಿ ಇಳಿದಿತ್ತು.

ಎಲಿಕೆಮ್ ನಕ್ಷೆಯ ಮೇಲೆ ಬೆರಳಿಟ್ಟ. "ಇಲ್ಲಿ." ಈಗ ಅಲ್ಲಿ ದೋಣಿಗಳು ಹೋಗುತ್ತವೆ.

"ನೀರಿನ ಮೇಲೆ ಬೆರಳಿಟ್ಟು ಮನೆ ತೋರಿಸ್ತೀಯಲ್ಲೋ, ಮಗನೇ" ಎಂದು ಇವನು ಅತ್ತ. ಮರುದಿನ ತನ್ನ ಮನೆಯಲ್ಲಿದ್ದ ಫೋಟೋ ಪೆಟ್ಟಿಗೆಯನ್ನೂ ತಲೆಯ ಮೇಲೆ ಹೊತ್ತು ತಂದ. ಇವತ್ತು ಅದೇ ಪೆಟ್ಟಿಗೆ ವಾಪಸ್ಸು ಬೇಕಂತೆ.

ಅರ್ಧಕ್ಕಿಂತ ಹೆಚ್ಚು ಪೆಟ್ಟಿಗೆಗಳನ್ನು ಇನ್ನೂ ತೆರೆದೇ ಇಲ್ಲ. ಮನೆಗೆ ಒಯ್ದರೆ ಉಪ್ಪುಗಾಳಿ, ಗೆದ್ದಲು, ನಿಮ್ಮ ಮೊಮ್ಮಕ್ಕಳ ಕತ್ತರಿ! ಮೊದಲ ಸಲ ಬೀದಿ ಒಯ್ದದ್ದು ಸಮುದ್ರ. ಎರಡನೆಯ ಸಲ ಒಯ್ಯುವವರು ನೀವು.

ಕೆಲಸ ನಿಲ್ಲುವುದಿಲ್ಲ, ಕೇಳಿಸಿತೇ? ಜಿಗ್ಬೋದಿ ಗಂಡನ ಪಕ್ಕ ನಿಂತು ಯಂತ್ರ ಕಲಿತಿದ್ದಾಳೆ. ಸೋಮವಾರದಿಂದ ಆ ಕುರ್ಚಿ ಅವಳದು. ಮುಖ ಗುರುತಿಸಲು ನಾನಿದ್ದೇನೆ. ಸದ್ಯಕ್ಕೆ ಸಾಯುವ ಯೋಚನೆ ನನಗಿಲ್ಲ.

ಏಳಿ. ಎಲ್ಲರೂ ಏಳಿ. ಚಪ್ಪಲಿ ಕಳಚಿ, ಸಮುದ್ರದ ಕಡೆ ತಿರುಗಿ, ಎಲಿಕೆಮ್‌ಗಾಗಿ ಸುಮ್ಮನೆ ನಿಲ್ಲಿ. ನಿಂತಲ್ಲೇ ಯೋಚಿಸಿ: ಪೆಟ್ಟಿಗೆ ಇಲ್ಲಿರಲೋ, ಬೇಡವೋ? ಕಿವಿಯಲ್ಲಿ ಪಿಸುಗುಟ್ಟುವುದು ಬೇಡ. ಮುಂದಿನ ತಿಂಗಳು ಹುಟ್ಟುವ ಮೊದಲು ಮನೆಗೊಬ್ಬರು ಬಂದು, ಜಿಗ್ಬೋದಿಯ ಮುಖ ನೋಡಿ ಉತ್ತರ ಹೇಳಿ.